ಗುಂಯ್‌ಗುಡುವ ರೇಡಿಯೊ ಇದ್ದ ಮನೆ

ನನ್ನ ಮೊಮ್ಮಗಳು ಕಂಪ್ಯೂಟರಿಗೆ ಎರಡು ಸ್ಪೀಕರು ತಂದು ಜೋಡಿಸಿದ್ದಾಳೆ. ಹಾಡು ಹಚ್ಚದಿದ್ದರೂ ಅವು ಗುಂಯ್ ಅನ್ನುತ್ತಲೇ ಇರುತ್ತವೆ. ಹೋದ ವಾರವೆಲ್ಲ ಅವಳಿಗೆ ಇದೇ ಕೆಲಸ. ಈ ಗೋಡೆಯ ಪ್ಲಗ್ ಕಿತ್ತು ಆ ಗೋಡೆಗೆ ಹಾಕುತ್ತಾಳೆ, ಮೊಬೈಲಿನ ಚಾರ್ಜರನ್ನು ದೂರ ಒಯ್ದಿಡುತ್ತಾಳೆ, ಅಂಗಡಿಗೆ ಹೋಗಿ ಬೇರೆ ವೈರು ತರುತ್ತಾಳೆ, ಮೇಜಿನ ಕೆಳಗೆ ತೂರಿಕೊಂಡು ಏನೇನೋ ಗೊಣಗುತ್ತಾಳೆ. ಆಮೇಲೆ ತಲೆಯೆತ್ತಿ, ಈಗ ಕಡಿಮೆ ಆಯಿತೇ ಎಂದು ನನ್ನನ್ನು ಕೇಳುತ್ತಾಳೆ. ನನ್ನ ಕಿವಿ ಅರ್ಧ ಹೋಗಿ ಎಷ್ಟೋ ವರ್ಷವಾಯಿತು. ಬಾಗಿಲು ಬಡಿದರೆ ಕೇಳುವುದಿಲ್ಲ, ಮಗ ಕರೆದರೆ ಕೇಳುವುದಿಲ್ಲ. ಆದರೆ ಆ ಗುಂಯ್ ಮಾತ್ರ ಕೇಳುತ್ತದೆ. ಇರಲಿ ಬಿಡು, ಅದೇನು ನಿನ್ನನ್ನು ಕಚ್ಚುತ್ತದೆಯೇ ಎಂದರೆ ಅವಳಿಗೆ ಸಿಟ್ಟು. ಅವಳ ಸಿಟ್ಟು ನೋಡಿದಾಗ ನನಗೆ ನಮ್ಮಪ್ಪ ಕಾಣುತ್ತಾನೆ. ಅವನೂ ಹೀಗೇ ಒಂದು ಸದ್ದಿನ ಬೆನ್ನು ಹತ್ತಿದ್ದ.

ಹುಮನಾಬಾದಿನಲ್ಲಿ ಸಾಹುಕಾರರೊಬ್ಬರ ಎಣ್ಣೆ ಗಿರಣಿ ಇತ್ತು. ಅಪ್ಪ ಅಲ್ಲಿ ಇಂಜಿನ್ ನಡೆಸುತ್ತಿದ್ದ. ಗಿರಣಿಯ ಹಿಂದಿನ ಗೋಡೆಗೆ ಆತುಕೊಂಡೇ ನಮ್ಮ ಮನೆ. ಮನೆ ಅಂದರೆ ಒಂದು ಪಡಸಾಲೆ, ಒಂದು ಅಡುಗೆ ಮನೆ, ಹಿಂದೆ ಬಚ್ಚಲು, ಅದರಾಚೆ ಒಂದು ಬೇವಿನ ಮರ ಇದ್ದ ಹಿತ್ತಿಲು. ನೆಲಕ್ಕೆ ಶಹಾಬಾದಿನ ಪರಸಿ ಹಾಸಿದ್ದರು. ಇಂಜಿನ್ ಶುರುವಾದರೆ ಆ ಕಲ್ಲು ಅಂಗಾಲಿನ ಕೆಳಗೆ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಹಿತ್ತಾಳೆ ಲೋಟಗಳು ತಾವಾಗಿಯೇ ಸರಿದು ಅಂಚಿಗೆ ಬರುತ್ತಿದ್ದವು. ಅವನ್ನು ಹಿಂದಕ್ಕೆ ತಳ್ಳುವುದು ದಿನಕ್ಕೆ ಒಮ್ಮೆಯಾದರೂ ನನ್ನ ಕೆಲಸ. ಇಡೀ ಮನೆಗೆ ಶೇಂಗಾ ಹಿಂಡಿಯ ವಾಸನೆ. ನಾವು ಉಟ್ಟ ಬಟ್ಟೆಗೆ, ತಲೆಗೆ, ಅವ್ವ ಬಡಿದ ರೊಟ್ಟಿಗೆ, ಕೊನೆಗೆ ದೇವರ ಮುಂದಿನ ವಿಭೂತಿಗೂ ಅದೇ ವಾಸನೆ. ಸಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಾಗಲೇ ನನಗೆ ಅದು ವಾಸನೆ ಎಂದು ಗೊತ್ತಾಗಿದ್ದು.

ಗಿರಣಿಯ ಇಂಜಿನ್ನಿಗೆ ಒಂದು ಡೈನಮೊ ಕಟ್ಟಿದ್ದರು. ಇಂಜಿನ್ ತಿರುಗುವಷ್ಟು ಹೊತ್ತು ಗಿರಣಿಗೂ ಸಾಹುಕಾರರ ಮನೆಗೂ ನಮ್ಮ ಮನೆಗೂ ವಿದ್ಯುತ್ತು. ಊರಿಗೆಲ್ಲ ಚಿಮಣಿ ಬುಡ್ಡಿ ಇದ್ದ ಕಾಲದಲ್ಲಿ ನಮ್ಮ ಪಡಸಾಲೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಇದರಿಂದ ನಾವು ದೊಡ್ಡ ಮನುಷ್ಯರಾದೆವು ಎಂದೇನೂ ಅಲ್ಲ. ಆ ಬೆಳಕಿನಲ್ಲಿ ಅವ್ವ ಇನ್ನಷ್ಟು ಹೊತ್ತು ಕೆಲಸ ಮಾಡುವಂತಾಯಿತು, ಅಷ್ಟೇ. ಗಿರಣಿ ಎರಡು ಪಾಳಿ ನಡೆಯುತ್ತಿತ್ತು. ಬೆಳಗಿನಿಂದ ದೀಪ ಹಚ್ಚುವವರೆಗೆ ಅಪ್ಪನ ಪಾಳಿ, ಆಮೇಲೆ ಇನ್ನೊಬ್ಬನದು. ಅಪ್ಪ ಬಂದು ಬಚ್ಚಲಲ್ಲಿ ಕೈಕಾಲಿನ ಎಣ್ಣೆ ತಿಕ್ಕಿ ತೊಳೆದು, ಲಿಂಗಪೂಜೆ ಮಾಡಿ ತಾಟಿನ ಮುಂದೆ ಕೂತರೆ ಮಾತಿಲ್ಲ. ರೊಟ್ಟಿ, ಪುಂಡಿಪಲ್ಯ, ತೊಗರಿ ಬ್ಯಾಳಿ. ತಿನ್ನುತ್ತ ತಿನ್ನುತ್ತಲೇ ಅವನ ಕಣ್ಣುಗಳು ಮುಚ್ಚುತ್ತಿದ್ದವು. ನಮ್ಮ ಮನೆಯಲ್ಲಿ ಎಲ್ಲರೂ ದಣಿದವರೇ. ಆ ಮನೆಯನ್ನು ನೆನೆದರೆ ನನಗೆ ಮೊದಲು ನೆನಪಿಗೆ ಬರುವುದು ಗೋಡೆಗೆ ಒರಗಿ ಕೂತ ದೊಡ್ಡವರ ಬೆನ್ನುಗಳು.

ಗೌರತ್ತಿ ಅಪ್ಪನ ಅಕ್ಕ. ಅವಳನ್ನು ಮಂಠಾಳಕ್ಕೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಗಂಟು ಬಟ್ಟೆಯೊಂದಿಗೆ ತಮ್ಮನ ಮನೆಗೆ ಬಂದಳು. ಅವಳು ಮೊದಲು ಹಾಡುತ್ತಿದ್ದಳಂತೆ. ಕಲ್ಯಾಣದ ಒಂದು ಮಠದಲ್ಲಿ ಶಿವರಾತ್ರಿಗೆ, ಶ್ರಾವಣದ ಸೋಮವಾರಗಳಲ್ಲಿ ಅವಳು ಪದ ಹೇಳಿದರೆ ಜನ ಎದ್ದು ಹೋಗುತ್ತಿರಲಿಲ್ಲವಂತೆ. ಅವಳು ಹಾಡುವಾಗ ತಂಬೂರಿ ಹಿಡಿಯುತ್ತಿದ್ದವನು ಅವಳ ಗಂಡ. ಅವನಿಗೆ ಹಾಡಲು ಬರುತ್ತಿರಲಿಲ್ಲ, ಶ್ರುತಿ ಹಿಡಿಯುವುದಷ್ಟೇ ಬರುತ್ತಿತ್ತು. ಅವನು ಸತ್ತ ಮೇಲೆ ಅತ್ತಿ ಆ ತಂಬೂರಿಯನ್ನು ಒಯ್ದು ಮಠಕ್ಕೆ ಕೊಟ್ಟುಬಿಟ್ಟಳು. ಅತ್ತೆಮನೆಯವರು ಕೊಡಿಸಿದರು ಎಂದು ಅವ್ವ, ಯಾರೂ ಕೊಡಿಸಲಿಲ್ಲ ತಾನೇ ಕೊಟ್ಟಳು ಎಂದು ಅಪ್ಪ, ಇಬ್ಬರೂ ಈ ಮಾತಿಗೆ ಜಗಳವಾಡುವುದನ್ನು ಕೇಳಿದ್ದೇನೆ. ನಾನೇ ಒಮ್ಮೆ ಅತ್ತಿಯನ್ನು ಹಾಡು ಎಂದು ಪೀಡಿಸಿದೆ. ಅವಳು ಸಿಟ್ಟಾಗಲಿಲ್ಲ.

“ಶ್ರುತಿ ಇಲ್ಲದ ಹಾಡಬಾರ್ದು ಅಂತ ನಮ್ಮ ಗುರುಗಳು ಕಲಿಸ್ಯಾರ ನೀಲಾ. ಹಿಡಿಯವ್ರು ಹೋದ್ರು. ನಾ ಹ್ಯಾಂಗ ಹಾಡ್ಲಿ?”

ನಿಜಾಮನ ರಾಜ್ಯದ ಕೊನೆಯ ಬೇಸಿಗೆಯಲ್ಲಿ ಊರೊಳಗೆ ರಜಾಕಾರರ ಗದ್ದಲ ಹೆಚ್ಚಾಯಿತು. ಕೈಯಲ್ಲಿ ಕಾಸಿದ್ದವರು ಗಂಟು ಕಟ್ಟಿಕೊಂಡು ಗಡಿ ದಾಟಿದರು. ಸಾಹುಕಾರರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೋಲಾಪುರಕ್ಕೆ ಹೊರಟರು. ಗಿರಣಿಯನ್ನು ಲೆಕ್ಕ ಬರೆಯುವ ಮುನೀಮರಿಗೂ ಅಪ್ಪನಿಗೂ ಒಪ್ಪಿಸಿದರು. ಬಂಡಿ ಹೂಡಿದ ಮೇಲೆ ಅವರಿಗೆ ರೇಡಿಯೊ ನೆನಪಾಯಿತು. ಖಾಲಿ ಮನೆಯಲ್ಲಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಅದನ್ನು ನಮ್ಮ ಮನೆಗೆ ಹೊರಿಸಿ ಕಳಿಸಿದರು. ನುಣುಪಾದ ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಟ್ಟೆ ಹೊದಿಸಿದ ಬಾಯಿ, ಕೆಳಗೆ ಎರಡು ದಪ್ಪ ಗುಂಡಿ. ಬಂಡಿಯ ಮೇಲಿಂದಲೇ ಸಾಹುಕಾರರು ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ.

“ಶರಣಪ್ಪಾ, ಇದು ಬಾಳ ಗುಂಯ್ ಅಂತದ. ಸುದ್ದಿ ಕೇಳ್ಬೇಕಂದ್ರ ತಲಿ ಶೂಲಿ ಬರ್ತದ. ನಾ ತಿರುಗಿ ಬರೂದ್ರಾಗ ಅದನ್ನ ಸುಮ್ನ ಮಾಡಿ ಇಡು. ಇಂಜಿನ್ ಬಿಚ್ಚಿ ಜೋಡಸಾಂವ ನೀ, ನಿನಗೇನ್ ದೊಡ್ಡ ಮಾತು?”

ಅಪ್ಪ ಹೂಂ ಅಂದುಬಿಟ್ಟ. ಆ ಹೂಂ ನಮ್ಮ ಮನೆಯ ಸಂಜೆಗಳನ್ನೆಲ್ಲ ತಿಂದು ಹಾಕಿತು. ರೇಡಿಯೊ ಹಚ್ಚಿದರೆ ಮೊದಲು ಒಳಗೆ ಕೆಂಪು ಬೆಳಕು ಬರುತ್ತಿತ್ತು, ಆಮೇಲೆ ಗುಂಯ್. ಅದರ ಹಿಂದೆ ಎಲ್ಲೋ ದೂರದಲ್ಲಿ ಹೈದರಾಬಾದಿನ ಉರ್ದು ಸುದ್ದಿ. ದನಿಯ ಗುಂಡಿಯನ್ನು ಪೂರ್ತಿ ಇಳಿಸಿದರೆ ಸುದ್ದಿ ಹೋಗುತ್ತಿತ್ತು, ಗುಂಯ್ ಹೋಗುತ್ತಿರಲಿಲ್ಲ. ಅದು ಒಂದೇ ಎತ್ತರದಲ್ಲೂ ನಿಲ್ಲುತ್ತಿರಲಿಲ್ಲ. ಗಿರಣಿಯಲ್ಲಿ ಶೇಂಗಾ ಜಾಸ್ತಿ ಸುರಿದು ಇಂಜಿನ್ ಏದುಸಿರು ಬಿಟ್ಟರೆ ಗುಂಯ್ ಕೆಳಗೆ ಇಳಿಯುತ್ತಿತ್ತು, ಹೊರೆ ಕಡಿಮೆಯಾದರೆ ಮೇಲೇರುತ್ತಿತ್ತು. ಸಂಜೆ ಪಾಳಿಯವನ ಕೈ ಒರಟು, ಹಾಗಾಗಿ ಅಪ್ಪ ಮನೆಯಲ್ಲಿರುವ ಹೊತ್ತಿಗೇ ಅದರ ಏರಿಳಿತ ಜಾಸ್ತಿ. ದಿನವೆಲ್ಲ ಇಂಜಿನ್ ಮುಂದೆ ನಿಂತು ಬಂದವನಿಗೆ ಮನೆಯಲ್ಲೂ ಅದೇ ಇಂಜಿನ್ನಿನ ದನಿ. ಒಂದು ಸಂಜೆ ಅವನು ತಾಟು ದೂಡಿ ಎದ್ದು ಕೂಗಾಡಿದ.

“ಇದ್ರ ಮನಿ ಹಾಳಾಗ! ಹನ್ನೆರಡು ತಾಸು ಅಲ್ಲಿ ಎದಿ ಮ್ಯಾಲ ಕುಂತಿರ್ತದ, ಇಲ್ಲೂ ಬಂದು ಕುಂತದ!”

ಅವ್ವ ಹಾಗಿದ್ದರೆ ಹಚ್ಚಬೇಡಿ ಎಂದಳು. ಅದು ಆಗುವ ಮಾತಲ್ಲ. ಹಚ್ಚದಿದ್ದರೆ ಸರಿ ಮಾಡುವುದು ಹೇಗೆ?

ಮೊದಲು ಅವನು ರೇಡಿಯೊವನ್ನು ಮನೆಯ ತುಂಬ ಸುತ್ತಾಡಿಸಿದ. ಬಲ್ಬಿನ ವೈರು ಹಾದ ಗೋಡೆಯಿಂದ ದೂರ ಇಟ್ಟು ನೋಡಿದ. ಜೋಳದ ಚೀಲಗಳ ಮೇಲೆ ಇಟ್ಟ, ಅಡುಗೆ ಮನೆಯ ಹೊಸ್ತಿಲಲ್ಲಿ ಇಟ್ಟ, ಕಡೆಗೆ ದೇವರ ಗೂಡಿನ ಪಕ್ಕ ಇಟ್ಟು ಅವ್ವನ ಕೈಲಿ ಬೈಸಿಕೊಂಡ. ಒಳಗಿನ ಸ್ಪೀಕರಿಗೆ ಹೋಗುವ ಎರಡು ತಂತಿಗಳನ್ನು ಹೆರಳು ಹೆಣೆದ ಹಾಗೆ ಹೊಸೆದ. ಮಾಳಿಗೆ ಹತ್ತಿ ಏರಿಯಲ್ ತಂತಿಯ ದಿಕ್ಕು ತಿರುಗಿಸಿದ. ಪ್ರತಿ ಸಲವೂ ನಾವೆಲ್ಲ ಸುತ್ತ ಕೂತು ಕಡಿಮೆಯಾಯಿತೋ ಇಲ್ಲವೋ ಹೇಳಬೇಕಾಗಿತ್ತು. ಅವ್ವ ಮಲಗುವ ಆಸೆಗೆ ಆಯಿತು ಅನ್ನುತ್ತಿದ್ದಳು. ನಾನು ಅವನ ಮುಖ ನೋಡಿ ಹೇಳುತ್ತಿದ್ದೆ. ಗೌರತ್ತಿ ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಇಲ್ಲ ತಮ್ಮಾ, ಹಾಗೇ ಇದೆ ಅನ್ನುತ್ತಿದ್ದಳು. ಅವಳ ಕಿವಿಯನ್ನು ಅಪ್ಪ ನಂಬುತ್ತಿದ್ದ.

ಆಮೇಲೆ ಯಾರೋ ಅವನಿಗೆ ಭೂಮಿಗೆ ತಂತಿ ಇಳಿಸು ಎಂದು ಹೇಳಿದರು. ನೆಲ ಹಸಿಯಾಗಿರಬೇಕು, ಇದ್ದಿಲು ಉಪ್ಪು ಹಾಕಬೇಕು, ತಾಮ್ರ ಹೂಳಬೇಕು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಅಪ್ಪ ಟೊಂಕದಾಳದ ಗುಂಡಿ ತೋಡಿದ. ಅವ್ವನ ತವರಿನ ತಾಮ್ರದ ಕೊಡ ಸೋರುತ್ತಿತ್ತು, ಅದಕ್ಕೆ ತಂತಿ ಬಿಗಿದು ಇಳಿಸಿದ. ಅವನಿಗೆ ಬುದ್ಧಿ ಸಾಲದ್ದು ಎಲ್ಲಿ ಅಂದರೆ, ಇದನ್ನು ಹಾಡಹಗಲೇ ಮಾಡಿದ. ಅದು ಊರಿಗೆ ಊರೇ ಬಂಗಾರ ಬೆಳ್ಳಿಯನ್ನು ಗಡಿಗೆಗೆ ತುಂಬಿ ಹಿತ್ತಿಲಲ್ಲಿ ಹೂಳುತ್ತಿದ್ದ ಕಾಲ. ಹಿಂದಿನ ಮನೆಯ ಸಂಗವ್ವ ಗೋಡೆಯ ಮೇಲಿಂದ ನೋಡಿದಳು. ಸಂಜೆಗೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು ಅವ್ವನನ್ನು ಮೂಲೆಗೆ ಕರೆದಳು.

“ನಂದೂ ಒಂದೀಟು ಅದರಾಗ ಇಡ್ರಿ ಅವ್ವಾರ. ಒಂದು ಬೋರಮಾಳ, ಜೋಡು ಬಿಲ್ವಾರ, ಅಷ್ಟ. ನಿಮ್ಮ ಕೊಡ ದೊಡ್ಡದದ.”

“ಅದು ರೇಡಿಯೊದ ಕೊಡ ಸಂಗವ್ವಾ. ಬರೇ ಇದ್ದಿಲು ಅದ ಅದರಾಗ.”

“ಆಗ್ಲಿ ಬಿಡ್ರಿ. ನಂಬಿಕಿ ಇಲ್ಲಂದ್ರ ಇಲ್ಲ ಅನ್ರಿ. ಇದ್ದಿಲು ಅಂತ ಯಾಕ ಹೇಳ್ತೀರಿ?”

ಅವಳು ನಮ್ಮೊಡನೆ ಮಾತು ಬಿಟ್ಟಳು. ತಂತಿ ಇಳಿಸಿದ ಮೇಲೆ ಗುಂಯ್ ಅರ್ಧಕ್ಕೆ ಇಳಿದಿತ್ತು. ಅಪ್ಪ ಬಹಳ ದಿನದ ಮೇಲೆ ನಕ್ಕಿದ್ದ. ನೆಲ ಒಣಗದಂತೆ ದಿನಾ ಎರಡು ಕೊಡ ನೀರು ಸುರಿಯುವ ಕೆಲಸ ಅವ್ವನ ತಲೆಗೆ ಬಂತು, ಬೇಸಿಗೆಯಲ್ಲಿ ಬಾವಿ ತಳ ಕಂಡಿದ್ದಾಗಲೂ ಅವಳು ಬೈದುಕೊಳ್ಳುತ್ತ ಸುರಿದಳು. ನಾವು ದಿನಾ ನೀರು ಹಾಕುವುದನ್ನು ನೋಡಿ ಊರವರ ಗುಮಾನಿ ಇನ್ನೂ ಗಟ್ಟಿಯಾಯಿತು. ಒಂದು ಮುಂಜಾನೆ ಎದ್ದು ನೋಡಿದರೆ ಗುಂಡಿ ಬಾಯಿ ತೆರೆದಿತ್ತು. ಇದ್ದಿಲು, ಉಪ್ಪಿನ ಹೆಂಟೆ ಹಿತ್ತಿಲ ತುಂಬ ಚೆಲ್ಲಿದ್ದವು. ತಂತಿ ಕಡಿದು ಕೊಡ ಒಯ್ದಿದ್ದರು. ಸೋರುವ ಕೊಡವನ್ನು ಹೊತ್ತೊಯ್ದ ಆ ಕಳ್ಳನ ಮುಖ ನೆನೆದು ನಾನು ನಕ್ಕೆ. ಅಪ್ಪ ನಗಲಿಲ್ಲ. ಗುಂಡಿಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೀಡಿ ಹಚ್ಚಿ, ಅದು ಆರುವವರೆಗೆ ಅಲ್ಲೇ ಇದ್ದ.

ರೇಡಿಯೊದ ಇನ್ನೊಂದು ಬಾಳು ಅಪ್ಪನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿದು, ಅವ್ವ ಪಾತ್ರೆ ಬೋರಲು ಹಾಕಿ ಪಡಸಾಲೆಯ ಮೂಲೆಯಲ್ಲಿ ಸೆರಗು ಹೊದ್ದು ಅಡ್ಡಾಗುತ್ತಿದ್ದಳು. ಗೌರತ್ತಿ ಮೊರ ತುಂಬ ಜೋಳ ತೆಗೆದುಕೊಂಡು ರೇಡಿಯೊದ ಹತ್ತಿರ ಕೂರುತ್ತಿದ್ದಳು. ಕೈ ನೀಡಿ ಒಂದು ಗುಂಡಿ ತಿರುಗಿಸಿ ಹಚ್ಚುತ್ತಿದ್ದಳು, ಇನ್ನೊಂದನ್ನು ಪೂರ್ತಿ ಇಳಿಸುತ್ತಿದ್ದಳು. ಸುದ್ದಿ ಇಲ್ಲ, ಹಾಡು ಇಲ್ಲ, ಬರೀ ಗುಂಯ್. ಪೆಟ್ಟಿಗೆ ಬಿಸಿಯಾಗಿ ಅದು ಒಂದೇ ಎತ್ತರದಲ್ಲಿ ನೆಲೆಗೊಂಡ ಮೇಲೆ ಅವಳು ಅದರೊಳಗೆ ತನ್ನ ದನಿಯನ್ನು ಇಡುತ್ತಿದ್ದಳು. ಮೊದಮೊದಲು ಎರಡೂ ದನಿ ಬೇರೆ ಎಂದು ನನಗೆ ತಿಳಿಯಲೇ ಇಲ್ಲ. ಅವಳದು ಹೆಣ್ಣಿಗೆ ಸ್ವಲ್ಪ ದಪ್ಪ ಎನ್ನಬಹುದಾದ ಕಂಠ. ಮಠದ ಪದ, ಬೀಸುವ ಪದ, ಹೆಸರಿಲ್ಲದ ಏನೇನೋ. ಹಾಡು ನಡುವೆ ಥಟ್ಟನೆ ನಿಲ್ಲುತ್ತಿತ್ತು. ಅವಳ ಕೈ ಜೋಳದ ಮೇಲೆ ಹಾಗೇ ಇರುತ್ತಿತ್ತು. ಕಲ್ಲು ಹುಡುಕುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಗಿರಣಿಯಲ್ಲಿ ಹೊರೆ ಬಿದ್ದು ಗುಂಯ್ ಇಳಿದಾಗ ಅವಳು ನಿಲ್ಲಿಸುತ್ತಾಳೆ, ಅದು ತಿರುಗಿ ಮೇಲೆ ಬಂದು ನಿಂತಾಗ ಬಿಟ್ಟ ಸಾಲನ್ನು ಎತ್ತಿಕೊಳ್ಳುತ್ತಾಳೆ. ಮೂಲೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ದಿನದಲ್ಲಿ ಅವಳ ಮೈ ನೆಲಕ್ಕೆ ಹತ್ತುತ್ತಿದ್ದದ್ದು ಅದೊಂದೇ ಹೊತ್ತು. ಹಾಡಿನ ಬಗ್ಗೆ ಅವ್ವನೂ ಅತ್ತಿಯೂ ಒಂದು ದಿನವೂ ಮಾತಾಡಲಿಲ್ಲ. ನನಗೂ ಅದು ಹೇಳುವಂಥ ಸುದ್ದಿ ಎನಿಸಲಿಲ್ಲ.

ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ರಾಜ್ಯ ಹೋಯಿತು. ಅದರ ಹಿಂದೆಯೇ ಕೆಟ್ಟ ದಿನಗಳು ಬಂದವು, ಈ ಸಲ ಮುಸಲ್ಮಾನರ ಮನೆಗಳಿಗೆ. ಎಲ್ಲ ತಣ್ಣಗಾದ ಮೇಲೆ ಅಪ್ಪ ರೇಡಿಯೊದ ಸಾಮಾನಿಗೆಂದು ಕಲ್ಯಾಣಕ್ಕೆ ಹೊರಟ. ನನ್ನನ್ನೂ ಕರೆದೊಯ್ದ. ಕೋಟೆಯ ಕಡೆಯ ಬಜಾರಿನಲ್ಲಿ ಖಾದರ್ ಚಾಚಾನ ಗಡಿಯಾರ, ಗ್ರಾಮಫೋನ್ ರಿಪೇರಿ ಅಂಗಡಿ. ಸಾಲಿನಲ್ಲಿ ಎಷ್ಟೋ ಬಾಗಿಲು ಮುಚ್ಚಿದ್ದವು, ಅವನದು ಅರ್ಧ ತೆರೆದಿತ್ತು. ಒಳಗೆ ಗೋಡೆಯ ತುಂಬ ಗಡಿಯಾರಗಳಿದ್ದವು, ಒಂದಕ್ಕೂ ಕೀಲಿ ಕೊಟ್ಟಿರಲಿಲ್ಲ. ಅಪ್ಪನನ್ನು ನೋಡಿ ಅವನು ಸ್ಟೂಲು ಸರಿಸಿದ. ಆಮೇಲೆ ಅಪ್ಪ ರೇಡಿಯೊ ಕಥೆ ಹೇಳಿದ. ಚಾಚಾ ಒಂದು ಮೂಲೆಯಿಂದ ಬಿಚ್ಚಿದ ರೇಡಿಯೊ ಎಳೆದು, ಅದರೊಳಗಿಂದ ಒಂದು ಕಬ್ಬಿಣದ ಗಡ್ಡೆಯನ್ನೂ ಹೆಬ್ಬೆರಳಿಗಿಂತ ದಪ್ಪದ ಒಂದು ಕೊಳವೆಯನ್ನೂ ಕಿತ್ತು ಕೊಟ್ಟ. ಗಡ್ಡೆಗೆ ಚೋಕು ಅನ್ನುತ್ತಾರೆ, ಕೊಳವೆಗೆ ಕಂಡೆನ್ಸರು. ಡೈನಮೊದ ವಿದ್ಯುತ್ತು ಅಲೆ ಅಲೆಯಾಗಿ ಬರುತ್ತದೆ, ಆ ಅಲೆಯೇ ಗುಂಯ್. ಇವೆರಡೂ ನಡುವೆ ನಿಂತು ಅದನ್ನು ಸಮ ಮಾಡುತ್ತವೆ. ಇಷ್ಟು ಅಪ್ಪನಿಗೂ ಗೊತ್ತಿತ್ತು, ಸಾಮಾನು ಸಿಕ್ಕಿರಲಿಲ್ಲ.

“ಇದು ಯಾರ್ದು ಚಾಚಾ? ಅವ್ರು ಬಂದು ಕೇಳಿದ್ರ?”

“ನೈ ಬಾಬಾ. ಈ ರೇಡಿಯೊದವ್ರು ಬರಂಗಿಲ್ಲ ಈಗ. ತಗೊಂಡು ಹೋಗು. ಯಾರದಾರೆ ಮನ್ಯಾಗ ಬಾಜಲಿ, ಮಾತಾಡ್ಲಿ.”

ಬಸ್ಸಿಗೆ ಹೊತ್ತಿತ್ತು. ಅಪ್ಪ ನನ್ನನ್ನು ಮಠಕ್ಕೆ ಕರೆದುಕೊಂಡು ಹೋದ. ಗದ್ದುಗೆಗೆ ಕೈಮುಗಿದು ಹೊರಬರುವಾಗ ಒಳಗೋಡೆಯ ಗೂಟಕ್ಕೆ ತಂಬೂರಿ ತೂಗುಹಾಕಿದ್ದು ಕಂಡಿತು. ಅಪ್ಪ ಹತ್ತಿರ ಹೋಗಿ ಬೆರಳಿನಿಂದ ಒಂದು ತಂತಿ ಮೀಟಿದ. ತಂತಿ ಸಡಿಲಾಗಿತ್ತು, ಧಡ್ ಅಂದಿತು. ಅವನ ಬೆರಳಿಗೆ ದೂಳು ಹತ್ತಿತು. ಅದನ್ನು ಧೋತರಕ್ಕೆ ಒರೆಸಿಕೊಂಡು, ನಡಿ ಬಸ್ಸು ಹೋದೀತು ಎಂದ. ದಾರಿಯುದ್ದಕ್ಕೂ ಚೋಕಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ವಾರದ ರಜೆಯ ದಿನ ಪೆಟ್ಟಿಗೆ ಬಿಚ್ಚಿ ಕೂತ. ಇಡೀ ದಿನ ಬೆಸುಗೆ ಹಾಕುವ ಕಬ್ಬಿಣದ ಹೊಗೆ, ರಾಳದ ವಾಸನೆ. ಮರುದಿನ ಸಂಜೆ ಅವನು ಪಾಳಿ ಮುಗಿಸಿ ಬಂದು ಕೈ ಕೂಡ ತೊಳೆಯದೆ ರೇಡಿಯೊ ಹಚ್ಚಿದ. ಒಳಗೆ ಕೆಂಪು ಬೆಳಕು ಬಂತು. ನಾವು ಕಾದೆವು. ಏನೂ ಇಲ್ಲ. ಹಾಳಾಯಿತು ಎಂದೇ ನಾನು ತಿಳಿದೆ. ಅಪ್ಪ ದನಿಯ ಗುಂಡಿ ಏರಿಸಿದ. ಒಬ್ಬ ಮನುಷ್ಯ ನಮ್ಮ ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗೆ ಸುದ್ದಿ ಬಂತು. ಅವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅಪ್ಪ ಅತ್ತಿಯ ಕಡೆ ತಿರುಗಿದ.

“ಅಕ್ಕಾ, ಹ್ಯಾಂಗದ?”

ಅತ್ತಿ ಕಣ್ಣು ಮುಚ್ಚಿ ಕೇಳಿದಳು. ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ಕೇಳಿದಳು.

“ಹೋತು ತಮ್ಮಾ. ಪೂರಾ ಹೋತು. ಕೆಲಸ ಚಲೋ ಮಾಡೀದಿ.”

ಆ ರಾತ್ರಿ ಅಪ್ಪ ಎರಡು ರೊಟ್ಟಿ ಹೆಚ್ಚು ತಿಂದ. ಮರುದಿನ ಮಧ್ಯಾಹ್ನ ಅತ್ತಿ ಮೊರ ಹಿಡಿದು ಕೂತಳು, ರೇಡಿಯೊ ಕಡೆ ಕೈ ನೀಡಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯಲ್ಲಿ ಜೋಳ ಕೇರುವ ಸದ್ದೊಂದೇ. ಅವ್ವ ಮಗ್ಗಲು ಬದಲಿಸುತ್ತಿದ್ದಳು, ನಿದ್ದೆ ಹತ್ತದೆ ಎದ್ದು ಕೂರುತ್ತಿದ್ದಳು. ಅವಳ ಬೈಗುಳ ಹೆಚ್ಚಾಯಿತು. ಬೇಳೆಗೆ ಉಪ್ಪು ತಪ್ಪಿತು, ನನ್ನ ಬೆನ್ನಿಗೆ ವಿನಾಕಾರಣ ಗುದ್ದು ಬಿತ್ತು. ಅತ್ತಿ ಮಾತ್ರ ಹೇಗಿದ್ದಳೋ ಹಾಗೇ ಇದ್ದಳು, ಇನ್ನೂ ಸ್ವಲ್ಪ ಮೆಲ್ಲಗೆ ನಡೆಯುತ್ತಿದ್ದಳು ಅಷ್ಟೇ. ಒಂದು ಸಂಜೆ ಅಪ್ಪ ಸುದ್ದಿ ಕೇಳುತ್ತ, ಈಗ ಮನೆ ಮನೆಯಾಯಿತು ನೋಡು ಎಂದು ಹಿಗ್ಗಿನಿಂದ ಅಂದ. ಅತ್ತಿ ಬಾವಿಗೆ ಹೋಗಿದ್ದಳು. ಅವ್ವನಿಗೆ ತಡೆಯಲಾಗಲಿಲ್ಲ.

“ಏನ್ ಮನಿ ಆತು ಮಣ್ಣು! ರೇಡಿಯೊದ ಬಾಯಿ ಮುಚ್ಚಿಸಿದ್ರಿ, ಅದರ ಜೋಡಿ ಅಕ್ಕಾರ ಬಾಯೂ ಮುಚ್ಚಿತು.”

“ಅಕ್ಕಗ ಏನಾಗ್ಯದ?”

“ಹಾಡ್ತಿದ್ರು. ದಿನಾ ಮಧ್ಯಾನ. ಆ ಗುಂಯ್ ಹಿಡ್ಕೊಂಡು ಹಾಡ್ತಿದ್ರು.”

“ನಮ್ಮಕ್ಕ? ನಾ ಒಮ್ಮೆನೂ ಕೇಳಿಲ್ಲಲ್ಲ!”

“ಹ್ಯಾಂಗ ಕೇಳ್ತೀರಿ? ನೀವು ಇಂಜಿನ್ ಮುಂದ ಇರ್ತಿದ್ರಿ.”

ಅಪ್ಪ ರೇಡಿಯೊ ಆರಿಸಿದ. ಅತ್ತಿ ಬಾವಿಯಿಂದ ಬಂದು, ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುವವರೆಗೂ ಕಾದ. ಆಮೇಲೆ, ಏನೋ ಸಂತೆಯಿಂದ ತರುವ ಮಾತು ಎಂಬಂತೆ ಕೇಳಿದ.

“ಅಕ್ಕಾ, ಕಲ್ಯಾಣಕ್ಕ ಹೋಗಿ ನಿನ್ನ ತಂಬೂರಿ ತರ್ಲೇನು?”

“ಮಠಕ್ಕ ಕೊಟ್ಟದ್ದು ತಿರುಗಿ ತರ್ತಾರೇನೋ ತಮ್ಮಾ? ತಂದ್ರೂ ಹಿಡಿಯವ್ರು ಯಾರು?”

ಅವಳು ಅವ್ವನ ಮುಖ ನೋಡಿದಳು, ನಡೆದದ್ದು ಅವಳಿಗೆ ತಿಳಿಯಿತು. ಅಪ್ಪನ ಹತ್ತಿರ ಬಂದು ಕೂತಳು.

“ನೀ ದಣದು ಬರ್ತಿ. ಅದು ಸುಮ್ನ ಆದದ್ದ ಚಲೋ ಆತು. ನಂದೇನದ? ನಾಲ್ಕು ದಿನ ಹಾಡಿದ್ನಿ. ನೀ ಮಕ್ಕೋ.”

ಆ ವಾರವೇ ಮುನೀಮರು ಸುದ್ದಿ ತಂದರು. ಸಾಹುಕಾರರು ಸಂಸಾರ ಸಮೇತ ತಿರುಗಿ ಬರುತ್ತಿದ್ದಾರೆ, ಬಂದ ಕೂಡಲೆ ರೇಡಿಯೊ ಒಯ್ಯುತ್ತಾರಂತೆ. ಅಪ್ಪ ಆಗಲಿ ಎಂದ. ನಾನು ಅತ್ತಿಯನ್ನು ನೋಡಿದೆ. ಅವಳು ದೇವರ ಗೂಡು ಒರೆಸುತ್ತಿದ್ದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅವರು ಬರುವ ದಿನ ಬೆಳಗ್ಗೆ ಪಾಳಿಗೆ ಹೋಗುವ ಮೊದಲು ಅಪ್ಪ ರೇಡಿಯೊದ ಹಿಂಬದಿ ಬಿಚ್ಚಿದ. ಅತ್ತಿ ಬಚ್ಚಲಲ್ಲಿದ್ದಳು. ಚೋಕು, ಕಂಡೆನ್ಸರು ಎರಡನ್ನೂ ಕಿತ್ತ. ತಂತಿಗಳನ್ನು ಮೊದಲಿನ ಹಾಗೆ ಜೋಡಿಸಿ ಹಿಂಬದಿ ಮುಚ್ಚಿದ. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಅಷ್ಟು ಬಡದಾಡಿ ಮಾಡಿದ್ರಿ. ಸಾವ್ಕಾರ್ರು ಏನಂದಾರು?”

“ಅನ್ಲಿ.”

ಅವನು ಚೋಕನ್ನು ಕೈಯಲ್ಲಿ ಹಿಡಿದು ಎಲ್ಲಿಡಲಿ ಎಂದು ಸುತ್ತ ನೋಡಿದ. ಅವ್ವ ಅದನ್ನು ಇಸಿದುಕೊಂಡು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದಳು. ಭರಣಿಯ ಬಟ್ಟೆ ಸಡಿಲಾಗುತ್ತಿದ್ದದ್ದಕ್ಕೆ ಅದು ಸರಿಹೋಯಿತು. ನನ್ನ ಮದುವೆಯಾಗುವವರೆಗೂ ಅದು ಅಲ್ಲೇ ಇತ್ತು.

ಸಂಜೆ ಸಾಹುಕಾರರು ಮುನೀಮರೊಡನೆ ನಮ್ಮ ಮನೆಗೆ ಬಂದರು. ಮೈ ತುಂಬಿಕೊಂಡಿದ್ದರು. ಅಪ್ಪ ಚಾಪೆ ಹಾಸಿದ, ಅವ್ವ ಬೆಲ್ಲ ನೀರು ಕೊಟ್ಟಳು. ಅತ್ತಿ ಅಡುಗೆ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪ್ಪ ರೇಡಿಯೊ ಹಚ್ಚಿದ. ಸಂಜೆ ಪಾಳಿಯವನು ಅವತ್ತು ಇಂಜಿನ್ನನ್ನು ಎಳೆದಾಡುತ್ತಿದ್ದ. ಗುಂಯ್ ಅನ್ನುವುದು ಏರಿ ಇಳಿದು, ಇಳಿದು ಏರಿ, ಸುದ್ದಿಯನ್ನು ಪೂರ್ತಿ ನುಂಗಿ ಹಾಕಿತು. ಸಾಹುಕಾರರು ಕಿವಿಗೆ ಕೈ ಹಚ್ಚಿದರು.

“ಏನೋ ಶರಣಪ್ಪಾ! ಇನ್ನೂ ಹಾಂಗ ಅನ್ನಾಕತ್ತದಲ್ಲ!”

“ನನ್ನ ಕೈಲೆ ಆಗಲಿಲ್ರಿ ಸಾವ್ಕಾರ್ರ.”

“ಅಷ್ಟು ದೊಡ್ಡ ಇಂಜಿನ್ ಬಿಚ್ಚಿ ಜೋಡಸ್ತಿ, ಇಷ್ಟು ಪೆಟ್ಟಿಗಿ ನಿನ್ನ ಮಾತು ಕೇಳ್ಲಿಲ್ಲ? ನೋಡ್ರಿ ಮುನೀಮರ, ನಮ್ಮ ಮೇಸ್ತ್ರಿ ಹುಷಾರಿ!”

ಇಬ್ಬರೂ ಜೋರಾಗಿ ನಕ್ಕರು. ಅಪ್ಪ ತಲೆ ತಗ್ಗಿಸಿ ಪರಸಿಯ ಸಂದು ನೋಡುತ್ತಿದ್ದ. ಅವನು ಯಾರ ಮುಂದೆಯೂ ಆಗಲಿಲ್ಲ ಎಂದು ಹೇಳಿದ್ದನ್ನು ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ. ನನಗೆ ಎದ್ದು, ಸುಳ್ಳು, ನಮ್ಮಪ್ಪ ಮಾಡಿದ್ದ ಎಂದು ಕಿರುಚಬೇಕೆನಿಸಿತು. ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಗಿ ಕೂತಿತ್ತು. ಸಾಹುಕಾರರು ನಗುತ್ತಲೇ ಎದ್ದರು.

“ಇಲ್ಲೇ ಬಿದ್ದಿರ್ಲಿ ಬಿಡು. ಇದನ್ನ ಒಯ್ದು ನಾ ಏನ್ ಮಾಡ್ಲಿ? ಸೋಲಾಪುರದಿಂದ ಹೊಸಾದು ತರಸ್ತೀನಿ.”

ಅವರು ಹೋದ ಮೇಲೆ ಅಪ್ಪ ರೇಡಿಯೊ ಆರಿಸಿ, ಉಣ್ಣದೆ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಅತ್ತಿ ಬಾಗಿಲ ಮರೆಯಿಂದ ಹೊರಗೆ ಬಂದಳು. ಭರಣಿಯ ಮೇಲಿದ್ದ ಕಬ್ಬಿಣದ ಗಡ್ಡೆಯನ್ನು ನೋಡಿದಳು. ತಮ್ಮನ ಕಾಲ ಬುಡದಲ್ಲಿ ಸ್ವಲ್ಪ ಹೊತ್ತು ಕೂತು, ಅವನ ಕಾಲ ಮೇಲೆ ಕೌದಿ ಎಳೆದು ಎದ್ದು ಹೋದಳು.

ಮರುದಿನ ಮಧ್ಯಾಹ್ನ ಅವಳು ಮೊರ ಹಿಡಿದು ರೇಡಿಯೊದ ಹತ್ತಿರ ಕೂತಳು. ಗುಂಯ್ ಬಂದು ನಿಂತಿತು. ಅವಳು ತೆಗೆದುಕೊಂಡದ್ದು ಒಂದು ಉದ್ದದ ಪದ. ಎಲ್ಲಿ ನಿಲ್ಲಿಸುತ್ತಾಳೋ ಎಂದು ನಾನು ಕಾದೆ. ಅವತ್ತು ಅವಳು ಎಲ್ಲೂ ನಿಲ್ಲಿಸಲಿಲ್ಲ. ಗುಂಯ್ ಏರಲಿಲ್ಲ, ಇಳಿಯಲಿಲ್ಲ, ಹಿಡಿದಲ್ಲೇ ಇತ್ತು. ಪದ ಮುಗಿದು, ಅವಳು ಗುಂಡಿ ತಿರುಗಿಸಿ ಆರಿಸಿದಾಗ ಮೂಲೆಯಲ್ಲಿ ಅವ್ವನ ಗೊರಕೆ ಕೇಳುತ್ತಿತ್ತು. ನಾನು ಅಪ್ಪನಿಗೆ ಚಹಾ ಒಯ್ಯಲು ಎದ್ದೆ. ಅತ್ತಿ ಕರೆದಳು.

“ನೀಲಾ, ನಿಮ್ಮಪ್ಪಗ ಹೇಳು. ಇವತ್ತ ಶ್ರುತಿ ಬರೋಬ್ಬರಿ ಹಿಡದಾನ ಅಂತ.”

ಗಿರಣಿಯೊಳಗೆ ಶೇಂಗಾ ಸುರಿಯುವ ಆಳುಗಳು ಗೊಣಗುತ್ತಿದ್ದರು. ಮೇಸ್ತ್ರಿಗೆ ಇವತ್ತು ಏನೋ ಬಡಿದಿದೆ, ಒಂದು ಬುಟ್ಟಿ ಹೆಚ್ಚು ಸುರಿದರೆ ಬೈತಾನೆ, ಒಂದು ಬುಟ್ಟಿ ತಡವಾದರೂ ಬೈತಾನೆ ಎಂದರು. ಅಪ್ಪ ಇಂಜಿನ್ನಿನ ಪಕ್ಕ, ವೇಗದ ತಿರುಪಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಬೆವರು ಗದ್ದದಿಂದ ಇಳಿಯುತ್ತಿತ್ತು. ನಾನು ಅತ್ತಿ ಹೇಳಿದ್ದನ್ನು ಹೇಳಿದೆ. ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಬಗ್ಗಿ ಕಿವಿ ಕೊಟ್ಟ, ಕೂಗಿ ಹೇಳಿದೆ. ಅವನು ಚಹಾದ ಲೋಟ ಇಸಿದುಕೊಳ್ಳಲಿಲ್ಲ. ಎಣ್ಣೆ ಬಟ್ಟೆಯಿಂದಲೇ ಮುಖ ಒರೆಸಿಕೊಂಡ, ಕಣ್ಣಿನ ಸುತ್ತ ಕಪ್ಪಾಯಿತು. ಆಮೇಲೆ ಆಳುಗಳ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ.

“ಸಮ ಹಾಕ್ರೋ! ಸಮ ಹಾಕ್ರಿ!”